ನ್ಯಾಯಾಲಯದಿಂದ ನಕಲು ಪಡೆಯುವುದು

ತಂದೆಯ ಕಾಲದ ಪಾಲುವಿಭಾಗದ ಡಿಕ್ರಿ ಮನೆಯಲ್ಲಿಲ್ಲ. ಜಮೀನಿನ ವ್ಯಾಜ್ಯ ಮಾತ್ರ ಮತ್ತೆ ತಲೆಯೆತ್ತಿದೆ. ಕಾಗದ ಕಳೆದರೆ ಹಕ್ಕೂ ಹೋಯಿತೆಂದು ಎಷ್ಟೋ ಮಂದಿ ಕೈಚೆಲ್ಲಿ ಕೂಡುತ್ತಾರೆ. ಮೂಲವು ಜಿಲ್ಲೆಯ ನ್ಯಾಯಾಲಯದ ದಫ್ತರದಲ್ಲಿದ್ದರೆ ಅದರ ದೃಢೀಕೃತ ನಕಲು ಸಾಕ್ಷ್ಯಕ್ಕೆ ಸಲ್ಲುತ್ತದೆ.

ಕಷ್ಟವಿರುವುದು ಹುಡುಕುವುದರಲ್ಲಿ. "ನಮ್ಮ ತಂದೆಯವರ ಕೇಸು" ಎಂದಷ್ಟೇ ಹೇಳಿದರೆ ಪಾಪ, ಗುಮಾಸ್ತರೇನು ಮಾಡಿಯಾರು? ಯಾವ ನ್ಯಾಯಾಲಯ, ದಾವೆಯ ನಂಬರು, ಇಸವಿ ಬೇಕು. ತಿಳಿಯದಿದ್ದರೆ ಹಳೆಯ ವಕೀಲರ ಕಡತ, ನೋಂದಾಯಿತ ಪತ್ರಗಳನ್ನು ತೆರೆದು ನೋಡಿ. ಈಚಿನ ಮೊಕದ್ದಮೆಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿಗಾರರ ಹೆಸರಿನಿಂದಲೂ ಹುಡುಕಬಹುದು. ಆದರೆ ಅಲ್ಲಿ ಇಳಿಸಿಕೊಂಡ ಹಾಳೆ ದೃಢೀಕೃತ ನಕಲಲ್ಲ.

ಬಳಿಕ ನಕಲು ಶಾಖೆಗೆ ಅರ್ಜಿ, ಶುಲ್ಕ. ಕಕ್ಷಿಗಾರರಲ್ಲದವರು ಏಕೆ ಬೇಕೆಂದು ಅಫಿಡವಿಟ್ಟಿನಲ್ಲಿ ತಿಳಿಸಿ ನ್ಯಾಯಾಲಯದ ಅಪ್ಪಣೆ ಪಡೆಯಬೇಕು.

ಸಿವಿಲ್ ಡಿಕ್ರಿಯ ಮೇಲೆ ಅಪೀಲು ಹೂಡುವವರು ಎಚ್ಚರವಾಗಿರಬೇಕು. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ ಅವಧಿ. ನಕಲು ಸಿದ್ಧವಾಗಲು ಹಿಡಿದ ಕಾಲವನ್ನು 1963ರ ಕಾಲಮಿತಿ ಕಾಯಿದೆಯ 12ನೆಯ ಕಲಮು ಈ ಲೆಕ್ಕದಿಂದ ಬಿಡುತ್ತದೆ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ನಕಲಿನ ಮೇಲೆಯೇ ಬರೆದಿರುತ್ತದೆ. ಸಿದ್ಧವಾದ ಮೇಲೆ ನೀವು ತರಲು ತಡಮಾಡಿದ ದಿನಗಳು ನಿಮ್ಮ ಲೆಕ್ಕಕ್ಕೇ.