ಕೃತಿಯ ಒಡೆತನ

ಹೊಲ, ಮನೆ, ಒಡವೆ ಇವುಗಳ ಒಡೆತನವನ್ನು ಕುರಿತು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗದ್ದೆಯ ಬದುವನ್ನು ಗೇಣಗಲ ಒತ್ತಿದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುವ ಜನ ನಾವು. ಆದರೆ ಒಬ್ಬನ ಬುದ್ಧಿಯಿಂದ ಹುಟ್ಟಿದ್ದೂ ಸ್ವತ್ತೇ, ಅದಕ್ಕೂ ಬದುವುಂಟು ಎಂದರೆ ಅದೊಂದು ಅಲಂಕಾರದ ಮಾತೆಂದು ಹಲವರು ನಗುತ್ತಾರೆ. ಕಾನೂನಿನ ಕಣ್ಣಿಗೆ ಅದು ಅಲಂಕಾರವಲ್ಲ. ಹೊಸ ಯಂತ್ರವನ್ನೋ ಔಷಧವನ್ನೋ ಕಂಡುಹಿಡಿದವನಿಗೆ 20 ವರ್ಷಗಳ ಪೇಟೆಂಟು ಉಂಟು. ವರ್ತಕನ ಗುರುತಿಗೆ ವ್ಯಾಪಾರ ಮುದ್ರೆಯ ರಕ್ಷಣೆಯುಂಟು. 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಮೈಸೂರು ರೇಷ್ಮೆಯಂಥ ಪದಾರ್ಥಕ್ಕೆ ಊರಿನ ಹೆಸರಿನ ಮೇಲೆಯೇ ಒಂದು ಹಕ್ಕು, 1999ರ ಕಾಯಿದೆಯಿಂದ ಬಂದದ್ದು. ಇವನ್ನೆಲ್ಲ ವಕೀಲರಿಗೂ ವರ್ತಕರಿಗೂ ಬಿಟ್ಟು, ಕನ್ನಡ ಪಾಠ ಹೇಳಿಕೊಂಡು ಬಂದ ನಾನು ಈ ಹೊತ್ತು ಕೃತಿಸ್ವಾಮ್ಯವೊಂದನ್ನೇ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಹಳೆಯ ಕವಿಗಳಿಗೆ ಇಂಥ ಹಕ್ಕಿನ ಕಲ್ಪನೆ ಇರಲಿಲ್ಲವೆಂಬುದು ನಿಜ. ವ್ಯಾಸರ ಕಥೆಯನ್ನು ಪಂಪನು ಕೈಗೆತ್ತಿಕೊಂಡ. ಪಂಪನ ಭಾರತವನ್ನು ಮುಂದಿರಿಸಿಕೊಂಡು ರನ್ನನು ಗದಾಯುದ್ಧವನ್ನು ಕಟ್ಟಿದ. ಯಾರೂ ಯಾರ ಮೇಲೂ ದಾವೆ ಹೂಡಲಿಲ್ಲ. ಹಾಗೆಂದು ಎರವಲಿಗೂ ಕಳವಿಗೂ ಇರುವ ಭೇದವನ್ನು ನಮ್ಮವರು ಅರಿಯದವರೆಂದು ಭಾವಿಸಲಾಗದು. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಕಾವ್ಯಕಾವ್ಯಗಳ ನಡುವಣ ಸಾಮ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಒಂದು, ಕನ್ನಡಿಯೊಳಗಿನ ಪ್ರತಿಬಿಂಬದಂಥದು. ಇನ್ನೊಂದು, ಚಿತ್ರದಲ್ಲಿ ಬರೆದ ರೂಪದಂಥದು. ಮತ್ತೊಂದು, ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವಂಥದು. ಮೊದಲಿನ ಎರಡನ್ನು ಕವಿಯು ವರ್ಜಿಸಬೇಕು. ಮೂರನೆಯದರಲ್ಲಿ ದೋಷವಿಲ್ಲ, ಅಲ್ಲಿ ಮುಖ ಹೋಲಿದರೂ ಜೀವ ಬೇರೆ. ಮುಂದೆ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟ. ಆಗ ಕಳ್ಳಕವಿಗೆ ಆಗಬಹುದಾಗಿದ್ದ ಶಿಕ್ಷೆಯೆಂದರೆ ವಿದ್ವತ್ಸಭೆಯ ನಗೆ. ಓಲೆಗರಿಯ ಮೇಲೆ ಕಂಠದಿಂದ ಬರೆಯುವವನಿಗೆ ಶ್ರಮವಲ್ಲದೆ ಲಾಭವೇನೂ ಇರಲಿಲ್ಲ. ಮುದ್ರಣಯಂತ್ರವು ಒಂದನ್ನು ಸಾವಿರ ಮಾಡಿ ಮಾರುವುದನ್ನು ಕಲಿಸಿದ ಮೇಲೆಯೇ ಈ ಪ್ರಶ್ನೆ ಹಣದ ಪ್ರಶ್ನೆಯಾದದ್ದು. ಇಂಗ್ಲೆಂಡಿನಲ್ಲಿ 1710ರಲ್ಲಿ ಇದಕ್ಕೊಂದು ಶಾಸನ ಜಾರಿಗೆ ಬಂತು; ನಮ್ಮಲ್ಲಿ ಈಗ ನಡೆಯುತ್ತಿರುವುದು, ಹಲವು ಬಾರಿ ತಿದ್ದುಪಡಿಯಾದ 1957ರ ಕಾಯಿದೆ.

ಈ ಕಾಯಿದೆಯ ತಿರುಳು ಇಷ್ಟು: ಬರೆದೊಡನೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಹಕ್ಕಿರುವುದು ಬರೆದ ರೂಪಕ್ಕೆ, ಬರೆಹದೊಳಗಿನ ವಿಚಾರಕ್ಕಲ್ಲ. ಈ ಎರಡನೆಯ ಮಾತನ್ನು ಸ್ಪಷ್ಟಪಡಿಸಿದ್ದು 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಆರ್. ಜಿ. ಆನಂದ್ ಅವರ ಮೊಕದ್ದಮೆ. ಆನಂದ್ ಅವರು 'ಹಮ್ ಹಿಂದುಸ್ತಾನಿ' ಎಂಬ ನಾಟಕವನ್ನು ಬರೆದು ದೆಹಲಿಯಲ್ಲಿ ಆಡಿಸಿದ್ದರು. ಪಂಜಾಬಿ ಕುಟುಂಬವೊಂದು, ಮದರಾಸಿನ ಕಡೆಯ ಕುಟುಂಬವೊಂದು. ಮಕ್ಕಳ ನಡುವೆ ಪ್ರೇಮ, ಹಿರಿಯರ ನಡುವೆ ಪ್ರಾಂತಾಭಿಮಾನದ ಗೋಡೆ. 1956ರಲ್ಲಿ 'ನ್ಯೂ ಡೆಲ್ಲಿ' ಎಂಬ ಚಲನಚಿತ್ರ ಬಂದಾಗ, ಇದು ನನ್ನದೇ ಕಥೆ ಎಂದು ಅವರು ದಾವೆ ಹೂಡಿದರು. ನ್ಯಾಯಾಲಯ ಒಪ್ಪಲಿಲ್ಲ. ಪ್ರಾಂತಾಭಿಮಾನವೆಂಬ ವಸ್ತು ಯಾರೊಬ್ಬರ ಸ್ವತ್ತೂ ಅಲ್ಲ. ಇತಿಹಾಸ, ಪುರಾಣಗಳ ಸಂಗತಿಗಳೂ ಅಲ್ಲ. ಚಿತ್ರದಲ್ಲಿ ವರದಕ್ಷಿಣೆಯಂಥ ಬೇರೆ ಎಳೆಗಳಿವೆ, ಕಥೆ ನಡೆಯುವ ಬಗೆ ಬೇರೆ ಎಂದು ತೀರ್ಪಾಯಿತು. ಆನಂದವರ್ಧನನ ಮೂರನೆಯ ಬಗೆಯೇ ಅಲ್ಲವೇ ಇದು? ನಾಟಕಕಾರರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತೀರ್ಪು ಸರಿಯೆಂದೇ ನನ್ನ ಮತ. ವಸ್ತುವಿಗೂ ಬೇಲಿ ಹಾಕಿದರೆ ರನ್ನನಿಗೆ ಕಾವ್ಯವಿಲ್ಲ.

ಕನ್ನಡಿಗರು ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ವ್ಯಾಜ್ಯವೊಂದಿದೆ. ಅದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯನ್ನು ಕುರಿತದ್ದು. ಕಾರಂತರು ಪರಂಪರೆಯ ಪ್ರಸಂಗಗಳನ್ನು ಎತ್ತಿಕೊಂಡು ರಾಗ, ತಾಳ, ವೇಷ, ರಂಗಸಜ್ಜಿಕೆಗಳಲ್ಲಿ ತಮ್ಮದೇ ಮಾರ್ಪಾಡುಗಳನ್ನು ತಂದು ಹೊಸದೊಂದು ಪ್ರಯೋಗರೂಪವನ್ನು ಕಟ್ಟಿದ್ದರು. 1994ರಲ್ಲಿ ಉಯಿಲು ಬರೆದರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರಲ್ಲಿ ಅವರ 'ಅಭಿಮನ್ಯು ವಧೆ' ದೆಹಲಿಯಲ್ಲಿ ಪ್ರದರ್ಶಿತವಾದಾಗ, ಉಯಿಲಿನಿಂದ ಹಕ್ಕು ಪಡೆದ ಮಹಿಳೆ ಮಣಿಪಾಲದ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ 2009ರಲ್ಲಿ ಇತ್ಯರ್ಥವಾಯಿತು. ಉಯಿಲಿನ ಒಂದು ಪರಿಚ್ಛೇದ ಸಾಹಿತ್ಯಕೃತಿಗಳ ಹಕ್ಕನ್ನು ಹೇಳಿತ್ತು. ಹಾಗಾದರೆ ಬ್ಯಾಲೆ ಸಾಹಿತ್ಯವೇ? ಕಾಯಿದೆಯಲ್ಲಿ ಸಾಹಿತ್ಯಕೃತಿ ಬೇರೆ, ನಾಟಕಕೃತಿ ಬೇರೆ. ಬ್ಯಾಲೆ ಎರಡನೆಯದಕ್ಕೆ ಸೇರಿದ್ದು ಎಂದಾಯಿತು. ಆದರೂ, ಮೇಲೆ ಹೇಳದೆ ಉಳಿದದ್ದೆಲ್ಲ ಆಕೆಗೇ ಸೇರತಕ್ಕದ್ದು ಎಂಬ ಮುಂದಿನ ಪರಿಚ್ಛೇದದ ಬಲದಿಂದ ಹಕ್ಕು ಆಕೆಗೇ ಉಳಿಯಿತು. ದೃಶ್ಯವೂ ಶ್ರವ್ಯವೂ ಒಂದೇ ಕಾವ್ಯವೆಂದು ಓದಿಕೊಂಡ ನಮ್ಮಂಥವರಿಗೆ ಈ ಚರ್ಚೆ ಕೊಂಚ ವಿಚಿತ್ರವಾಗಿ ಕಾಣುತ್ತದೆ, ಇರಲಿ. ಮುಖ್ಯ ಸಂಗತಿಯೆಂದರೆ, ಅಭಿಮನ್ಯುವಿನ ಕಥೆಯನ್ನು ಯಾವ ಮೇಳವೂ ಆಡಬಹುದು. ಕಾರಂತರು ಕಟ್ಟಿದ ಬಗೆಯಲ್ಲಿ ಆಡಬೇಕಾದರೆ ಅಪ್ಪಣೆ ಬೇಕು. ಅದಕ್ಕೂ ಕಾಯಿದೆ ಕೆಲವು ಕಿಂಡಿಗಳನ್ನು ಬಿಟ್ಟಿದೆ. ಹವ್ಯಾಸಿ ಸಂಘವೊಂದು ಟಿಕೆಟ್ಟಿಲ್ಲದೆ ಆಡುವ ಆಟ, ವಿದ್ಯಾಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮವರ ಮುಂದೆಯೇ ಆಡುವ ಆಟ ಉಲ್ಲಂಘನೆಯಾಗದು. ಇಂಥ ವಿನಾಯಿತಿಗಳಿಗೆ ಅಡ್ಡಿಯಾಗದಂತೆ ನ್ಯಾಯಾಲಯ ಪ್ರತಿಬಂಧಕಾಜ್ಞೆಯನ್ನು ಸಡಿಲಿಸಿತು.

ಹಕ್ಕನ್ನು ಮಾರಿದ ಮೇಲೂ ಲೇಖಕನಲ್ಲಿ ಉಳಿಯುವುದೊಂದಿದೆ. ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸಿದರೆ ತಡೆಯುವ ಹಕ್ಕು ಅದು. ಕಾಯಿದೆಯ 57ನೆಯ ಪ್ರಕರಣ. ಹಿಂದಿ ಲೇಖಕಿ ಮನ್ನೂ ಭಂಡಾರಿಯವರು 'ಆಪ್ ಕಾ ಬಂಟಿ' ಕಾದಂಬರಿಯ ಚಿತ್ರೀಕರಣದ ಹಕ್ಕನ್ನು ಕೊಟ್ಟಿದ್ದರೂ, ಚಿತ್ರದಲ್ಲಿ ಅದು ಕೆಟ್ಟಿದೆಯೆಂದು ಆಕ್ಷೇಪಿಸಿದಾಗ, ಈ ಪ್ರಕರಣ ಕರಾರಿಗಿಂತ ಮೇಲಿನದು ಎಂದು ದೆಹಲಿಯ ಉಚ್ಚ ನ್ಯಾಯಾಲಯ 1986ರಲ್ಲಿ ಎತ್ತಿಹಿಡಿಯಿತು.

ಇನ್ನು ಕರಾರಿನ ಮಾತು. ನನಗೆ ಪರಿಚಿತರಾಗಿದ್ದ ಕಾದಂಬರಿಕಾರರೊಬ್ಬರು 2003ರಲ್ಲಿ ಪ್ರಕಾಶಕರೊಬ್ಬರಿಗೆ ಒಂದೇ ಸಾಲಿನ ಪತ್ರ ಬರೆದುಕೊಟ್ಟಿದ್ದರು: ಈ ಪುಸ್ತಕದ ಸರ್ವ ಹಕ್ಕುಗಳನ್ನು ತಮಗೆ ಕೊಟ್ಟಿದ್ದೇನೆ ಎಂದು. ಅವರು ತೀರಿಕೊಂಡ ಮೇಲೂ ಮುದ್ರಣಗಳಾದವು. ಮನೆಗೆ ಒಂದು ಕಾಸೂ ಬರಲಿಲ್ಲ. ಯಜಮಾನರು ಬರೆದುಕೊಟ್ಟಾಗಿದೆ, ಇನ್ನು ಕೇಳುವುದೇನು ಎಂದು ಅವರ ಪತ್ನಿ ಸುಮ್ಮನಿದ್ದರು. ಆದರೆ 1994ರ ತಿದ್ದುಪಡಿಯ ಅನಂತರದ ಕರಾರುಗಳಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೇ ಎಣಿಕೆ. 2008ಕ್ಕೇ ಆ ಪತ್ರದ ಬಲ ತೀರಿತ್ತು. ಪರಿಚಯದ ವಕೀಲರೊಬ್ಬರು ಒಂದು ನೋಟೀಸು ಕಳುಹಿಸಿದ ಮೇಲೆ ಪ್ರಕಾಶಕರು ಲೆಕ್ಕ ಕೊಟ್ಟರು, ಹೊಸ ಕರಾರೂ ಆಯಿತು. ಕರಾರಿನಲ್ಲಿ ಅವಧಿ, ಪ್ರದೇಶ, ಗೌರವಧನ ಈ ಮೂರನ್ನೂ ಬರೆಸಿಕೊಳ್ಳಬೇಕೆಂದು ನಮ್ಮ ಎಷ್ಟು ಮಂದಿ ಲೇಖಕರಿಗೆ ಗೊತ್ತಿದೆ? ಸೈಟಿನ ಕ್ರಯಪತ್ರವನ್ನು ಮೂರು ಸಲ ಓದಿಸಿ ಕೇಳುವವರು, ಜೀವಮಾನದ ಬರೆಹಕ್ಕೆ ಕಣ್ಣುಮುಚ್ಚಿ ರುಜು ಹಾಕುತ್ತಾರೆ.

ಲೇಖಕನ ಜೀವಿತಕಾಲ, ಅವನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ: ಇದು ಹಕ್ಕಿನ ಆಯುಸ್ಸು. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳು ಎಲ್ಲರ ಪಾಲಾಗುವ ಹೊತ್ತಿಗೆ, 1992ರಲ್ಲಿ, ಅದನ್ನು ಹತ್ತು ವರ್ಷ ಹಿಗ್ಗಿಸಿದರು. ಈ ಲೆಕ್ಕದಲ್ಲಿ ಕಾರಂತರ ಕೃತಿಗಳು 2057ರ ಕೊನೆಯವರೆಗೆ ಅವರ ಹಕ್ಕುದಾರರವು. ಅಷ್ಟು ದೀರ್ಘಕಾಲ ನಡೆಯುವ ಸ್ವತ್ತನ್ನು ಕಾರಂತರಂತೆ ಉಯಿಲಿನಲ್ಲಿ ಬಿಡಿಸಿ ಬರೆದವರು ಕಡಿಮೆ. ಉಯಿಲಿಲ್ಲದಿದ್ದರೆ ಹಕ್ಕು ವಾರಸುದಾರರೆಲ್ಲರಿಗೂ ಹಂಚಿಹೋಗುತ್ತದೆ. ಮೂವರು ಮಕ್ಕಳು ಮೂರು ಊರಿನಲ್ಲಿದ್ದು, ಒಬ್ಬರ ಒಪ್ಪಿಗೆ ಬಾರದೆ ಒಳ್ಳೆಯ ಪುಸ್ತಕವೊಂದರ ಮರುಮುದ್ರಣ ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ಇದಾವುದೂ ಬೇಡ, ನನ್ನ ಬರೆಹ ಎಲ್ಲರದಾಗಲಿ ಎನ್ನುವವರಿಗೂ ಕಾಯಿದೆಯ 21ನೆಯ ಪ್ರಕರಣದಲ್ಲಿ ದಾರಿಯಿದೆ: ಬದುಕಿರುವಾಗಲೇ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಹಕ್ಕನ್ನು ಬಿಟ್ಟುಕೊಡಬಹುದು.