ಮೊದಲು ಒಮ್ಮೆ ತೆಗೆದು ನೋಡಿ



ಹೋದ ವರ್ಷ ನಮ್ಮ ಬಡಾವಣೆಯ ನಾಲ್ವರು ಕಾಲೇಜು ಹುಡುಗಿಯರು ಹತ್ತು ನಿಮಿಷದ ಒಂದು ಚಿತ್ರ ಮಾಡಲು ಹೊರಟರು. ಕತೆ ನಮಗೆಲ್ಲ ಗೊತ್ತಿರುವುದೇ. ನಡುಮನೆಯಲ್ಲಿ ಗಂಡಸರು ಸೊಸೆಯ ತವರಿನಿಂದ ಬೈಕು ತರಿಸುವ ಮಾತಾಡುತ್ತಾರೆ. ಅವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ನಮ್ಮ ಸಂಘದ ಸದಸ್ಯೆಯೊಬ್ಬರು ಮನೆ ಬಿಟ್ಟುಕೊಡಲು ಒಪ್ಪಿದರು, ಆದರೆ ಒಂದೇ ಭಾನುವಾರ. ಉಳಿದ ದಿನ ಅಲ್ಲೇ ಅವರ ಹೊಲಿಗೆ ಕೆಲಸ, ಅದೇ ಅವರ ಅನ್ನ. ಬಾಡಿಗೆಯ ಕ್ಯಾಮೆರಾ ಕೂಡ ಒಂದೇ ದಿನಕ್ಕೆ.

ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಸುಮ್ಮನಿರಲಾಗಲಿಲ್ಲ. "ಮೊದಲು ಮೊಬೈಲಿನಲ್ಲಿ ತೆಗೆದು ನೋಡಿ" ಎಂದೆ. ಇದಕ್ಕೆ ಟೆಸ್ಟ್ ಶಾಟ್ ಎನ್ನುತ್ತಾರೆ. ಕಾವಲಿ ಕಾದಿದೆಯೇ ಎಂದು ಸಣ್ಣದೊಂದು ದೋಸೆ ಹುಯ್ದು ನೋಡುತ್ತೇವಲ್ಲ, ಹಾಗೆ. ಸತ್ಯಜಿತ್ ರಾಯ್ ಕೂಡ 'ಪಥೇರ್ ಪಾಂಚಾಲಿ'ಗೆ ಮೊದಲು, 1952ರಲ್ಲಿ, ಬಾಡಿಗೆಗೆ ತಂದ 16 ಮಿ.ಮೀ. ಕ್ಯಾಮೆರಾ ಹಿಡಿದು ಹಳ್ಳಿಗೆ ಹೋಗಿದ್ದರು. ಮಳೆಯಲ್ಲಿ, ಮಂದ ಬೆಳಕಿನಲ್ಲಿ ಹೊರಗಡೆ ಚಿತ್ರ ತೆಗೆಯಲಾಗದು ಎಂದು ತಿಳಿದವರು ಹೇಳುತ್ತಿದ್ದ ಕಾಲ. ಛಾಯಾಗ್ರಾಹಕ ಸುಬ್ರತ ಮಿತ್ರ ಆಗಿನ್ನೂ ಇಪ್ಪತ್ತು ದಾಟಿದ ಹುಡುಗ, ಚಲನಚಿತ್ರದ ಕ್ಯಾಮೆರಾ ನಡೆಸಿಯೇ ಇರಲಿಲ್ಲ. ತೆಗೆದು ನೋಡಿದಾಗ ಆಗುತ್ತದೆಂದು ತಿಳಿಯಿತು. 1955ರಲ್ಲಿ ಚಿತ್ರ ಬಂತು.

ನಮ್ಮ ಹುಡುಗಿಯರು ಹಿಂದಿನ ಗುರುವಾರ ಎರಡು ಗಂಟೆ ಹೊತ್ತು ಹೋಗಿಬಂದರು. ಬೆಳಿಗ್ಗೆ ಹತ್ತಕ್ಕೆ ಕಿಟಕಿಗೆ ಬೆನ್ನು ಮಾಡಿ ನಿಂತ ಹುಡುಗಿಯ ಮುಖ ಕಪ್ಪಗೆ ಬಂತು. ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿದರೆ ಕಣ್ಣು, ಕೆನ್ನೆ ಎಲ್ಲ ಕಂಡವು. ಕುಕ್ಕರ್ ಕೂಗಿದಾಗ ನಡುಮನೆಯ ಮಾತು ಮುಳುಗಿತು. ಇವು ಸಣ್ಣ ವಿಷಯ.

ದೊಡ್ಡದು ಬೇರೆಯೇ ಇತ್ತು. ಮೊಬೈಲನ್ನು ನಡುಮನೆಯ ಕುರ್ಚಿಯ ಮೇಲಿಟ್ಟಿದ್ದರು. ಬಾಗಿಲ ಸಂದಿಯಲ್ಲಿ ಸೊಸೆ ಒಂದು ಸೀರೆಯ ಅಂಚಿನಷ್ಟು ಕಾಣುತ್ತಿದ್ದಳು. ಎಲ್ಲರೂ ಕೂತು ನೋಡುವಾಗ ಮನೆಯೊಡತಿ, "ಇದು ಮಾವ ಕೂತ ಜಾಗದಿಂದ ಕಾಣುವ ಸೊಸೆಯಲ್ಲವಾ?" ಎಂದರು. ಅಲ್ಲಿದ್ದ ನಮಗಾರಿಗೂ ಅದು ಹೊಳೆದಿರಲಿಲ್ಲ, ನನ್ನ ಎಂ.ಎ. ಕೂಡ ಸಹಾಯಕ್ಕೆ ಬರಲಿಲ್ಲ! ಮೊಬೈಲು ಒಲೆಯ ಪಕ್ಕಕ್ಕೆ ಬಂತು, ಹಿಟ್ಟು ಕಲಸುವ ಕೈಯ ಎತ್ತರಕ್ಕೆ. ಈಗ ಗಂಡಸರದು ಬರೀ ಕಾಲು ಮತ್ತು ದನಿ. ಕಲಸುತ್ತಿದ್ದ ಕೈ ಬೈಕಿನ ಮಾತಿಗೆ ನಿಲ್ಲುತ್ತದೆ, ಮತ್ತೆ ಕಲಸುತ್ತದೆ. ಅತ್ತೆಗೆಂದು ಬರೆದಿದ್ದ ಎರಡು ಪುಟದ ಬೈಗುಳವನ್ನು ಹುಡುಗಿಯರೇ ಹೊಡೆದುಹಾಕಿದರು.

ಇನ್ನೊಂದು. ಗೂಡಿನಲ್ಲಿದ್ದ ಮಗನ ಶಾಲೆಯ ಫೋಟೋ ಚಿತ್ರದಲ್ಲಿ ಸ್ಪಷ್ಟವಾಗಿ ಬಂದಿತ್ತು. "ನೋಡಿದವರು ಇದು ನನ್ನದೇ ಕತೆ ಅಂದುಕೊಂಡರೆ?" ಎಂದು ಮನೆಯೊಡತಿ ಮೆಲ್ಲಗೆ ಕೇಳಿದರು. ಫೋಟೋ ತೆಗೆದಿಟ್ಟು ಗೂಡಿಗೆ ಬಟ್ಟೆ ಇಳಿಬಿಡುವುದೆಂದು ಬರೆದುಕೊಂಡರು. ಪರೀಕ್ಷೆಗೆ ತೆಗೆದ ತುಣುಕುಗಳನ್ನು ಅವರೆದುರೇ ಅಳಿಸಿದರು. ಹಾಗೆ ಕೇಳುವ ಧೈರ್ಯ ಶೂಟಿಂಗ್ ದಿನದ ಗದ್ದಲದಲ್ಲಿ ಅವರಿಗೆ ಬರುತ್ತಿತ್ತೇ? ನನಗೆ ಅನುಮಾನ.

ಭಾನುವಾರ ಹುಡುಗಿಯರ ಕೈಯಲ್ಲಿ ಒಂದೇ ಹಾಳೆ ಇತ್ತು: ಯಾವ ದೃಶ್ಯ, ಕ್ಯಾಮೆರಾ ಎಲ್ಲಿ, ಎಷ್ಟು ಗಂಟೆಗೆ. ಸಂಜೆ ನಾಲ್ಕಕ್ಕೆ ಹೊಲಿಗೆ ಯಂತ್ರ ಮತ್ತೆ ಕಿಟಕಿಯ ಬಳಿಗೆ ಬಂದಿತ್ತು.