ಚಳಿಯ ಮೇಲೆ ನಿಂತ ಊರು



ಚಳಿ ಎಂದರೆ ಮನೆಯಿಂದ ಹೊರಗೆ ತಳ್ಳಬೇಕಾದದ್ದು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಬಾಗಿಲು ಹಾಕುತ್ತೇವೆ, ಕಂಬಳಿ ಹೊದೆಯುತ್ತೇವೆ, ಒಲೆಯ ಮುಂದೆ ಕೂರುತ್ತೇವೆ. ಆದರೆ ಚಳಿಯನ್ನು ಜೋಪಾನವಾಗಿ ಕಾಪಾಡಿಕೊಂಡೇ ಬದುಕಬೇಕಾದ ನಗರವೊಂದಿದೆ. ಅದು ಸೈಬೀರಿಯದಲ್ಲಿ ಲೆನಾ ನದಿಯ ದಡದ ಮೇಲಿರುವ ಯಾಕುತ್ಸ್ಕ್. 1632ರಲ್ಲಿ ರಷ್ಯನ್ನರು ಕಟ್ಟಿದ ಕೋಟೆಯಿಂದ ಬೆಳೆದ ಈ ಊರಿನಲ್ಲಿ ಇಂದು 3 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.

ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣಾಂಶ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಇರುವುದು ದಿನಕ್ಕೆ ಸುಮಾರು 5 ಗಂಟೆ ಮಾತ್ರ. ಆದರೂ ಮಾರುಕಟ್ಟೆ ಬಯಲಿನಲ್ಲೇ ನಡೆಯುತ್ತದೆ. ಮೀನುಗಳನ್ನು ಸೌದೆಯಂತೆ ನೆಟ್ಟಗೆ ನಿಲ್ಲಿಸಿ ಮಾರುತ್ತಾರೆ. ಹೆಪ್ಪುಗಟ್ಟಿದ ಲೆನಾ ನದಿಯೇ ವಾಹನಗಳಿಗೆ ಹೆದ್ದಾರಿ.

ಈ ನೆಲದ ಸಖಾ ಜನ, ಅಂದರೆ ಯಾಕುತರು, ಚಳಿಯ ಗುಣವನ್ನು ಹಿಂದೆಯೇ ಅರಿತವರು. ಮರದ ದಿಮ್ಮಿಗಳ ಇಳಿಜಾರು ಗೋಡೆಗೆ ಮಣ್ಣು, ಸಗಣಿ ಮೆತ್ತಿ, ದನದ ಕೊಟ್ಟಿಗೆಯನ್ನು ಪಕ್ಕಕ್ಕೇ ಸೇರಿಸಿ ಚಳಿಗಾಲದ ಮನೆ ಕಟ್ಟುತ್ತಿದ್ದರು. ನದಿ, ಕೆರೆಗಳ ಮಂಜುಗಡ್ಡೆಯನ್ನು ಕತ್ತರಿಸಿ ತಂದು, ಕರಗಿಸಿ ಕುಡಿಯುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು.

ಬಾವಿ ಯಾಕಿಲ್ಲ ಎಂದು ನೀವು ಕೇಳಬಹುದು. ಫ್ಯೋದರ್ ಶೆರ್ಗಿನ್ ಎಂಬ ವ್ಯಾಪಾರ ಸಂಸ್ಥೆಯ ನೌಕರ 1828ರಲ್ಲಿ ಬಾವಿ ತೋಡಿಸಲು ಹೊರಟ. 1837ರ ಹೊತ್ತಿಗೆ 116 ಮೀಟರ್ ಇಳಿದಿದ್ದರೂ ನೀರು ಸಿಗಲಿಲ್ಲ. ತಳದ ಮಣ್ಣೂ ಹೆಪ್ಪುಗಟ್ಟಿಯೇ ಇತ್ತು. 1844ರಲ್ಲಿ ವಿಜ್ಞಾನಿ ಮಿಡೆನ್‌ಡಾರ್ಫ್ ಅದೇ ಬಾವಿಯೊಳಗೆ ಹಲವು ಆಳಗಳಲ್ಲಿ ಉಷ್ಣಾಂಶ ಅಳೆದರು. ನೀರಿಲ್ಲದ ಆ ಬಾವಿ ನಿತ್ಯ ಹೆಪ್ಪುಗಟ್ಟಿದ ನೆಲದ ಅಧ್ಯಯನಕ್ಕೆ ನಾಂದಿಯಾಯಿತು.

ಇಂಥ ನೆಲದ ಮೇಲೆ ಮನೆ ಕಟ್ಟುವುದು ಹೇಗೆ? ಮನೆಯೊಳಗಿನ ಶಾಖ ಕೆಳಗಿಳಿದರೆ ಮಣ್ಣಿನಲ್ಲಿರುವ ಮಂಜು ಕರಗಿ ಕೆಸರಾಗುತ್ತದೆ, ಕಟ್ಟಡ ಕುಸಿಯುತ್ತದೆ. ಆದ್ದರಿಂದ ಕಾಂಕ್ರೀಟ್ ಕಂಬಗಳನ್ನು ಆಳಕ್ಕೆ ಇಳಿಸಿ, ಅವುಗಳ ಮೇಲೆ ಬಹುಮಹಡಿ ಕಟ್ಟಡಗಳನ್ನು ನಿಲ್ಲಿಸುತ್ತಾರೆ. ಕೆಳಗೆ ಬಿಟ್ಟ ತೆರವಿನಲ್ಲಿ ಚಳಿಗಾಳಿ ಬೀಸಿ ನೆಲವನ್ನು ಗಟ್ಟಿಯಾಗಿಡುತ್ತದೆ. ಬಿಸಿನೀರಿನ ಕೊಳವೆಗಳು ಕೂಡ ನೆಲದೊಳಗೆ ಹೋಗದೆ, ರಸ್ತೆ ಬಂದಲ್ಲಿ ಕಮಾನಿನಂತೆ ಮೇಲೆದ್ದು ದಾಟುತ್ತವೆ. ಮೇಲೆ ಬೆಚ್ಚಗಿನ ಸಂಸಾರ, ಕೆಳಗೆ ಕಾಯ್ದುಕೊಂಡ ಚಳಿ: ಇದೇ ಆ ಊರಿನ ಸೂತ್ರ.

ಈಗ ಆ ಸೂತ್ರಕ್ಕೇ ಕುತ್ತು ಬಂದಿದೆ. ಭೂಮಿ ಬಿಸಿಯೇರುತ್ತಿದ್ದು, ಉತ್ತರದ ನಾಡುಗಳಲ್ಲಿ ಆ ವೇಗ ಇನ್ನೂ ಹೆಚ್ಚು. ನೆಲ ಸಡಿಲಗೊಂಡು ಕೆಲವು ಗೋಡೆಗಳು ಬಿರುಕು ಬಿಟ್ಟಿವೆ. ಸೋರುವ ಕೊಳವೆ, ಮನೆಯಡಿಯಲ್ಲಿ ನಿಂತ ಕೊಳಚೆ ನೀರು ಈ ಹಾನಿಯನ್ನು ಬೇಗ ತರುತ್ತವೆ. ಸೋರಿಕೆ ನಿಲ್ಲಿಸುವುದು, ಮನೆಯಡಿಯ ಗಾಳಿದಾರಿ ತೆರೆದಿಡುವುದು ಊರಿನವರ ಕೈಯಲ್ಲಿದೆ. ಆದರೆ ಗಾಳಿಯೇ ಬೆಚ್ಚಗಾದರೆ ಅವರು ಒಬ್ಬರೇ ಏನು ಮಾಡಿಯಾರು? ಆ ಬಿಸಿಗೆ ನಾವೆಲ್ಲರೂ ಅಷ್ಟಿಷ್ಟು ಸೌದೆ ಒಟ್ಟಿದವರೇ ಎಂಬುದನ್ನು ನೆನೆದು ನನ್ನ ಮಾತು ಮುಗಿಸುತ್ತೇನೆ.